ಮುಗಿಯದ ಕಥೆಯ ವೀರ

ಕಥೆಯು ಇನ್ನೂ ಮುಗಿಯದಿರುವಾಗ ಅದರ ನಾಯಕನ ಗುಣದೋಷಗಳನ್ನು ತೂಗಿ, ಇವನು ಇಂಥವನೆಂದು ನಿರ್ಣಯಿಸುವ ಅಧಿಕಾರ ಓದುಗನಿಗೆ ಉಂಟೆ ಎಂಬ ಪ್ರಶ್ನೆಯು, ಮೊದಲ ನೋಟಕ್ಕೆ ಸಾಹಿತ್ಯವಿಮರ್ಶೆಯ ಎಲ್ಲೆಯೊಳಗಿನದೆಂದು ತೋರಿದರೂ, ತುಸು ನಿಧಾನಿಸಿ ನೋಡಿದವರನ್ನು ಕರ್ಮ, ಫಲ, ಪುರುಷಾರ್ಥಗಳ ವಿಚಾರದವರೆಗೂ ಕರೆದೊಯ್ಯತಕ್ಕದ್ದಾಗಿದೆ. ಬದುಕಿರುವ ಮನುಷ್ಯನೊಬ್ಬನನ್ನು ಪುಣ್ಯವಂತನೆಂದೋ ಪಾಪಿಯೆಂದೋ ಕರೆಯುವುದರಲ್ಲಿ ಯಾವ ಅವಸರವಿದೆಯೋ, ಮುಂದಿನ ತಿಂಗಳು ಮತ್ತೆ ಬರಲಿರುವ ಕಥಾನಾಯಕನನ್ನು ಈ ತಿಂಗಳೇ ಶ್ರೇಷ್ಠನೆಂದೋ ಕ್ಷುದ್ರನೆಂದೋ ಕರೆಯುವುದರಲ್ಲಿಯೂ ಅದೇ ಅವಸರವಿದೆ. ಇಷ್ಟು ಗಂಭೀರವಾದ ಪ್ರಶ್ನೆಗೆ ನಾನು ಎತ್ತಿಕೊಂಡಿರುವ ಸಾಮಗ್ರಿಯೆಂದರೆ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್. ಪಂಡಿತರು ಮೂಗು ಮುರಿದಾರು. ಆದರೆ ಬೇತಾಳನ ಕಥೆಗಳನ್ನು ಕೇಳಿ ಬೆಳೆದ ನಾಡಿಗೆ ಇದು ಅಷ್ಟೇನೂ ಅಪರಿಚಿತವಾದ ದಾರಿಯಲ್ಲ.

ನನ್ನ ತಮ್ಮನ ಮಗನೊಬ್ಬನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಮಧುಗಿರಿಗೆ ಬಂದಾಗಲೆಲ್ಲ ಜಗಲಿಯ ಮೇಲೆ ಕುಳಿತು, ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಬೆರಳಾಡಿಸುತ್ತ, ಒಂದು ಸಂಚಿಕೆ ಮುಗಿದೊಡನೆಯೇ ಪರೀಕ್ಷಕನ ಗತ್ತಿನಿಂದ, “ದೊಡ್ಡಪ್ಪಾ, ಇದಕ್ಕೆ ಹತ್ತಕ್ಕೆ ಎಂಟು. ಹೋದ ತಿಂಗಳದ್ದು ಬರೀ ಐದು” ಎನ್ನುವನು. ಐದೇಕೆ ಎಂದು ಕೇಳಿದರೆ, “ಏನೂ ನಡೀಲಿಲ್ಲ, ಬರೀ ಮಾತು” ಎಂಬ ಉತ್ತರ ಬರುವುದು. ಇಂಥ ಸಂಚಿಕೆಯಲ್ಲಿ ಕಥೆಗೆ ಸಲ್ಲುವುದು ಇಪ್ಪತ್ತು ಚಿಲ್ಲರೆ ಪುಟಗಳು ಮಾತ್ರ. ಕೊನೆಯ ಪುಟದಲ್ಲಿ ಬಾಗಿಲೊಂದು ತೆರೆದು ಯಾರೋ ಒಳಗೆ ಬರುವರು, ಅಥವಾ ಯಾರದೋ ಕೈಯಲ್ಲಿ ಆಯುಧ ಎದ್ದಿರುವುದು, ಅಲ್ಲಿಗೆ ಸರಿ, ಮುಂದಿನದನ್ನು ತಿಳಿಯಲು ತಿಂಗಳು ಕಾಯಬೇಕು. ಪ್ರಪಂಚದಾದ್ಯಂತ ಸಹಸ್ರಾರು ಜನ ಹೀಗೆ ಕಾಯುತ್ತ, ಕಾಯುವ ಅವಧಿಯನ್ನು ತೀರ್ಪು ಕೊಡುವುದರಲ್ಲಿ ಕಳೆಯುತ್ತಾರೆ. ಹುಡುಗನ ಒತ್ತಾಯಕ್ಕೆ ನಾನೂ ಒಂದಷ್ಟನ್ನು ಓದಿದೆನು. ಓದುತ್ತ ಓದುತ್ತ ನಮ್ಮ ಸೀಮೆಯ ಕಲ್ಲುಗಳ ಕಡೆಗೂ ಹಾಡುಗಳ ಕಡೆಗೂ ಮನಸ್ಸು ಹೊರಳತೊಡಗಿತು.

ಮೊದಲು ಕಲ್ಲುಗಳ ಮಾತು. ಸಿರಾ ಸೀಮೆಗೆ ಸಮೀಪದಲ್ಲಿ, ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಹೇಮಾವತಿಯು ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದಿತು. ನೊಳಂಬವಾಡಿ ಮೂವತ್ತೆರಡು ಸಾವಿರವೆಂದು ಶಾಸನಗಳು ಕರೆಯುವ ನಾಡಿನಲ್ಲಿ ನಮ್ಮ ಈ ತಾಲ್ಲೂಕುಗಳ ನೆಲವೂ ಸೇರಿತ್ತು. ಬಿ.ಎಲ್. ರೈಸರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವು ನಮ್ಮ ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲಾದದ್ದು. ತುರುಗೊಳ್ಳುವವರನ್ನು ತಡೆದು ಮಡಿದವನಿಗೆ, ಊರಳಿವಿನಲ್ಲಿ ಕಾದಿ ಬಿದ್ದವನಿಗೆ ನಿಲ್ಲಿಸುತ್ತಿದ್ದ ವೀರಗಲ್ಲುಗಳು ಕನ್ನಡನಾಡಿನ ಉದ್ದಗಲಕ್ಕೂ ಇರುವಂತೆ ಈ ಕಡೆಯೂ ಕೆರೆಯ ಏರಿಯ ಬಳಿ, ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ ನಿಂತಿರುವುದುಂಟು. ಇವುಗಳನ್ನು ಓದುವ ಕ್ರಮ ವಿಶಿಷ್ಟವಾದದ್ದು: ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಬಿಲ್ಲು ಸೆಳೆದ ವೀರ, ಎದುರಾಳಿಗಳು, ಕೆಲವೆಡೆ ಹಿಂದೆ ನಿಂತ ದನಗಳು. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಇಬ್ಬದಿಯಲ್ಲೂ ಹಿಡಿದು ಮೇಲಕ್ಕೆ ಒಯ್ಯುತ್ತಿರುವರು. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕುಳಿತಿರುವನು, ಪಕ್ಕದಲ್ಲಿ ಪೂಜಾರಿ. ಎಲ್ಲಕ್ಕೂ ಮೇಲೆ ಸೂರ್ಯಚಂದ್ರರು. ಚೌಕಟ್ಟಿನ ಮೇಲೆ ಚೌಕಟ್ಟಾಗಿ ಕಥೆಯನ್ನು ನಡೆಸುವ ಕಲೆಯು ಅಮೆರಿಕದ ಪತ್ರಿಕೆಗಳಲ್ಲಿ ಹುಟ್ಟಿತೆಂದು ನಂಬಿರುವವರು ಒಮ್ಮೆ ಇಂಥ ಕಲ್ಲಿನ ಮುಂದೆ ನಿಂತು ನೋಡುವುದೊಳ್ಳೆಯದು.

ಆದರೆ ಶಿಲ್ಪಿಯ ಚೌಕಟ್ಟುಗಳಿಗೂ ಕಾಮಿಕ್ಸಿನ ಚೌಕಟ್ಟುಗಳಿಗೂ ನಡುವೆ ಒಂದು ಮೂಲಭೂತವಾದ ಭೇದವಿದೆ. ವೀರಗಲ್ಲು ನಿಲ್ಲುವುದು ವೀರನು ಸತ್ತ ಮೇಲೆಯೇ. ಆ ಕಲ್ಲು ಒಂದು ಕೃತಿಯ ಮೇಲೆ ಊರು ಕೊಟ್ಟ ತೀರ್ಪು. ಅದಕ್ಕೆ ಮೇಲ್ಮನವಿಯಿಲ್ಲ, ಎರಡನೆಯ ಸಂಚಿಕೆಯಿಲ್ಲ. ಆ ಮನುಷ್ಯನು ಮನೆಯಲ್ಲಿ ಹೇಗಿದ್ದನು, ಸಾಲಗಾರನಾಗಿದ್ದನೆ, ಜಗಳಗಂಟನಾಗಿದ್ದನೆ ಎಂಬುದೊಂದನ್ನೂ ಕಲ್ಲು ಹೇಳುವುದಿಲ್ಲ. ದನಗಳು ಹೋಗುತ್ತಿದ್ದವು, ಇವನು ಅಡ್ಡ ನಿಂತನು, ಬಿದ್ದನು ಎಂಬುದಿಷ್ಟೇ ಅಲ್ಲಿನ ವಾರ್ತೆ. ಇದು ಮುಂದಿನ ವಿಚಾರಕ್ಕೆ ಬೇಕಾಗುವುದರಿಂದ ಓದುಗರು ನೆನಪಿನಲ್ಲಿಡಬೇಕು.

ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ ಅದರ ಮರುವರ್ಷ, ಸ್ಪೈಡರ್‌ಮ್ಯಾನ್ 1962ರಲ್ಲಿ. ಮನುಷ್ಯಮಾತ್ರರಾಗಿದ್ದಿದ್ದರೆ ಇವರಲ್ಲಿ ಮೊದಲಿಬ್ಬರು ಎಂದೋ ಮಣ್ಣು ಸೇರಬೇಕಾಗಿತ್ತು. ಪ್ರಕಾಶಕರಿಗೆ ಅದು ಒಗ್ಗದ ಮಾತು. 1992ರಲ್ಲಿ ಸೂಪರ್‌ಮ್ಯಾನನನ್ನು ಒಬ್ಬ ರಾಕ್ಷಸಸದೃಶ ಶತ್ರುವಿನ ಕೈಯಲ್ಲಿ ಕೊಲ್ಲಿಸಿದರು. ಪತ್ರಿಕೆಗಳು ಅದನ್ನು ನಿಜವಾದ ಸುದ್ದಿಯಂತೆ ಬರೆದವು. ಜನ ಸಾಲುಗಟ್ಟಿ ನಿಂತು ಆ ಸಂಚಿಕೆಯನ್ನು ಕೊಂಡರು. ಮರುವರ್ಷವೇ ಅವನು ಎದ್ದು ಬಂದನು. ಕ್ಯಾಪ್ಟನ್ ಅಮೆರಿಕನು 2007ರಲ್ಲಿ ಗುಂಡೇಟಿಗೆ ಬಿದ್ದವನು ಕೆಲವೇ ವರ್ಷಗಳಲ್ಲಿ ಹಿಂತಿರುಗಿದನು. ಸತ್ತವನು ಎದ್ದು ಬರುವ ಕಥೆಗಳು ನಮ್ಮಲ್ಲಿಯೂ ಇವೆ. ಆದರೆ ಸಾವಿತ್ರಿಯ ಗಂಡ ಎದ್ದದ್ದು ಸಾವಿತ್ರಿ ಯಮನ ಬೆನ್ನು ಬಿಡದೆ ನಡೆದದ್ದಕ್ಕೆ. ಇಲ್ಲಿ ಮರಣವನ್ನು ಹಿಂತೆಗೆದುಕೊಳ್ಳುವುದು ಮಾರಾಟದ ಲೆಕ್ಕ. ಕರ್ಮಸಿದ್ಧಾಂತವನ್ನು ನಂಬುವವನು ನಂಬದಿರುವವನು ಇಬ್ಬರೂ ಒಪ್ಪಬೇಕಾದ ಒಂದು ಮಾತಿದೆ: ಮಾಡಿದ್ದು ಮಾಡಿದವನ ಹಿಂದೆ ಬರುತ್ತದೆಯೆಂಬ ಭರವಸೆಯಿಲ್ಲದ ಕಡೆ ಕ್ರಿಯೆಗೆ ತೂಕವಿಲ್ಲ. ಪ್ರಾರಬ್ಧವನ್ನು ಸಂಪಾದಕನು ಅಳಿಸಿ ಬರೆಯಬಹುದಾದರೆ ಅದು ಪ್ರಾರಬ್ಧವೇ ಅಲ್ಲ.

ನಮ್ಮ ತಲೆಮಾರಿನವರು ‘ಸುಧಾ’ದ ಪುಟಗಳಲ್ಲಿ ನೋಡುತ್ತಿದ್ದ ಫ್ಯಾಂಟಮ್ ಈ ತೊಡಕನ್ನು ಬೇರೆ ರೀತಿಯಿಂದ ಬಿಡಿಸಿಕೊಂಡಿದ್ದನು. 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಈ ಮುಖವಾಡಧಾರಿಯನ್ನು ಕಾಡಿನವರು ಅಮರನೆಂದು ನಂಬಿರುವರು. ಆದರೆ ಓದುಗನಿಗೆ ಗೊತ್ತು, ಅವನು ಇಪ್ಪತ್ತೊಂದನೆಯವನು, ತಂದೆ ಸತ್ತಾಗ ಮಗ ಅದೇ ಉಡುಪು ತೊಟ್ಟು ಅದೇ ಪೀಠದಲ್ಲಿ ಕೂರುವನು. ವ್ಯಕ್ತಿ ಸಾಯುವನು, ಪೀಠ ಉಳಿಯುವುದು. ಮಠಗಳ ನಾಡಿನಲ್ಲಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರಾಸಂಗಿಕವಾಗಿ ಇನ್ನೊಂದು ಮಾತು: ನಮ್ಮ ದೇಶದ ಚಿತ್ರಕಥೆಗಳಲ್ಲಿ ಅತ್ಯಂತ ಹೆಸರಾದ ಅಮರ ಚಿತ್ರಕಥೆಯನ್ನು ನಡೆಸಿದ ಅನಂತ ಪೈ ಅವರು ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲೆಯೊಳಗಿನ ವೀರರಲ್ಲಿ ಹೆಚ್ಚಿನವರು ಒಂದೊಂದು ಪುಸ್ತಕದಲ್ಲಿ ಹುಟ್ಟಿ, ಆ ಪುಸ್ತಕದಲ್ಲಿಯೇ ಮುಗಿಯುವರು. ಅಲ್ಲಿ ತಿಂಗಳ ಕೊನೆಯ ಕುತೂಹಲಕ್ಕೆ ಎಡೆಯಿರಲಿಲ್ಲ. ಇದು ಗುಣವೆಂದು ನಾನು ಬಹುಕಾಲ ಎಣಿಸಿದ್ದೆನು. ಈಗ ಪೂರ್ತಿ ಹಾಗೆನ್ನಲಾರೆನು. ಏಕೆಂದರೆ ಅಂತ್ಯವು ಮೊದಲೇ ಗೊತ್ತಿರುವ ವೀರನನ್ನು ನಾವು ಪೂಜಿಸುವೆವೇ ಹೊರತು ಅವನೊಡನೆ ಅಳುಕುವುದಿಲ್ಲ.

ಆದರೆ ಅಂತ್ಯ ಗೊತ್ತಿದ್ದೂ ಅಳುಕಿಸುವ ಕಲೆಯೊಂದು ಸಿರಾ ತಾಲ್ಲೂಕಿನಲ್ಲಿಯೇ ಇದೆ. ಕಳುವರಹಳ್ಳಿಯ ಜುಂಜಪ್ಪನು ಕಾಡುಗೊಲ್ಲರ ವೀರ; ದನಕರುಗಳನ್ನು ಕಾದವನು, ಸೋದರಮಾವಂದಿರ ಹಗೆಯನ್ನು ಉಂಡವನು, ಬಳಿಕ ದೈವವಾದವನು. ಅವನ ಕಥೆಯನ್ನು ಹಾಡುವವರು ಗಣೆಯೆಂಬ ನೀಳವಾದ ಬಿದಿರ ಕೊಳಲನ್ನು ಊದಿಕೊಂಡು, ಒಂದೇ ಕೂರಿಕೆಯಲ್ಲಿ ಮುಗಿಯದ ಆ ಮಹಾಕಥನವನ್ನು ಭಾಗಭಾಗವಾಗಿ ಬಿಚ್ಚುವರು. ಇದೂ ಸಂಚಿಕೆಗಳಾಗಿ ಬರುವ ವೀರಕಥೆಯೇ. ಕೇಳುವವರಿಗೆ ಮುಂದೇನಾಗುವುದೆಂಬುದು ತಿಳಿದೇ ಇದೆ. ಜುಂಜಪ್ಪನ ಬಗೆಗೆ ಅವರು ತೀರ್ಪು ಕೊಡಲು ಬಂದವರೂ ಅಲ್ಲ, ಹರಕೆ ಹೊತ್ತು ಬಂದವರು. ಹೀಗಾಗಿ ಅವರ ವಿಮರ್ಶೆಯೆಲ್ಲವೂ ಹಾಡುಗಾರನ ಮೇಲೆ ಬೀಳುತ್ತದೆ: ದನಿ ಒಡೆಯಿತೆ, ನುಡಿ ತಪ್ಪಿತೆ, ತಾಯಿಯ ಗೋಳನ್ನು ಹಾಡುವಾಗ ಅವಸರಪಟ್ಟನೆ. ವೀರನ ತೀರ್ಪು ದೇವರಿಗೆ, ಹಾಡಿನ ತೀರ್ಪು ಕೇಳುಗನಿಗೆ ಎಂಬ ಈ ವಿಭಾಗವು ಎಷ್ಟು ವಿವೇಕದ್ದೆಂಬುದು ಕಾಮಿಕ್ಸ್ ಓದುಗರ ಜಗಳಗಳನ್ನು ಕೇಳಿದ ಮೇಲೆ ನನಗೆ ಹೊಳೆಯಿತು. ಅಲ್ಲಿ ಎರಡೂ ಒಂದೇ ಬಾಯಲ್ಲಿ ಬೆರೆತಿರುತ್ತವೆ; ಬರೆದವನ ತಪ್ಪಿಗೆ ಬ್ಯಾಟ್‌ಮ್ಯಾನ್ ಬೈಗುಳ ತಿನ್ನುವನು, ಬ್ಯಾಟ್‌ಮ್ಯಾನನ ತಪ್ಪಿಗೆ ಬರೆದವನು.

ಇನ್ನು ಶಕ್ತಿಯ ವಿಚಾರ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೆ ಹೋದವರಿಗೆ ಮೆಟ್ಟಿಲು ಹತ್ತುತ್ತಲೇ ಮೂಲಿಕೆಗಳ ಮಾತು, ಗವಿಯೊಳಗಿನ ಸಿದ್ಧೇಶ್ವರನ ಮಾತು, ಅಲ್ಲಿ ತಪಸ್ಸು ಮಾಡಿದರೆಂದು ಹೇಳುವ ಸಿದ್ಧರ ಮಾತು ಕಿವಿಗೆ ಬೀಳುವುದು. ಅಣಿಮಾದಿ ಸಿದ್ಧಿಗಳೆಂದು ಶಾಸ್ತ್ರವು ಪಟ್ಟಿ ಮಾಡಿರುವುದನ್ನೂ ಸೂಪರ್‌ಹೀರೋಗಳ ಶಕ್ತಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೊಸದೆಂಬುದು ಬಹಳವಿಲ್ಲ: ಅಣುವಾಗುವುದು, ಬೃಹತ್ತಾಗುವುದು, ಹಗುರವಾಗಿ ಹಾರುವುದು, ಬಯಸಿದ್ದನ್ನು ಪಡೆಯುವುದು. ಭೇದವಿರುವುದು ಮೌಲ್ಯದಲ್ಲಿ. ಪತಂಜಲಿಯು ಈ ಸಿದ್ಧಿಗಳನ್ನು ವಿವರಿಸುತ್ತಲೇ, ಸಮಾಧಿಗೆ ಇವು ವಿಘ್ನಗಳೆಂದು ಬದಿಗೆ ಸರಿಸಿಬಿಡುವನು. ಕನ್ನಡದಲ್ಲಿ ಇದೇ ವಿಚಾರಕ್ಕೆ ಶೂನ್ಯಸಂಪಾದನೆಯು ಕೊಟ್ಟಿರುವ ಚಿತ್ರಕ್ಕಿಂತ ತೀಕ್ಷ್ಣವಾದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅಲ್ಲಿ ಬರುವ ಸಿದ್ಧ ಗೋರಕ್ಷನು ವಜ್ರಕಾಯವನ್ನು ಸಾಧಿಸಿದವನು. ಅವನ ಮೈಗೆ ಕತ್ತಿಯಿಂದ ಹೊಡೆದರೆ ಕತ್ತಿ ಖಣಿಲೆಂದು ಶಬ್ದ ಮಾಡಿ ಹಿಂದಕ್ಕೆ ಸಿಡಿಯುವುದು. ಆ ಶಬ್ದವೇ ದೋಷವೆಂದು ಅಲ್ಲಮಪ್ರಭುವಿನ ಅಭಿಪ್ರಾಯ. ಅದೇ ಕತ್ತಿಯಿಂದ ಅಲ್ಲಮನನ್ನು ಹೊಡೆದಾಗ ಅದು ಬಯಲಿನಲ್ಲಿ ಬೀಸಿದಂತೆ ಆಚೆಗೆ ಹೋಗಿ ಈಚೆಗೆ ಬರುವುದು, ತಗುಲಲು ಅಲ್ಲಿ ಏನೂ ಇಲ್ಲ. ಗುಂಡು ಬಡಿದು ಚಪ್ಪಟೆಯಾಗಿ ಬೀಳುವ ಎದೆಯನ್ನು ಎಂಟು ದಶಕಗಳಿಂದ ಮೆಚ್ಚುತ್ತ ಬಂದಿರುವ ಕಲೆಯೊಂದಕ್ಕೆ ಇದಕ್ಕಿಂತ ನೇರವಾದ ಉತ್ತರವುಂಟೆ?

ಈ ಉತ್ತರವು ನಮ್ಮ ಮನೆಯಲ್ಲೇ ಇದ್ದೂ ನಾವು ಅದನ್ನು ಬಳಸಿಕೊಳ್ಳಲಿಲ್ಲ. 2004ರಲ್ಲಿ ಸ್ಪೈಡರ್‌ಮ್ಯಾನನನ್ನು ಭಾರತೀಯನನ್ನಾಗಿ ಮಾಡಿದ ಕಿರುಮಾಲೆಯೊಂದು ಬಂದಿತು. ಪೀಟರ್ ಪಾರ್ಕರ್ ಅಲ್ಲಿ ಪವಿತ್ರ ಪ್ರಭಾಕರನಾದನು, ಧೋತಿಯನ್ನುಟ್ಟನು, ಮತ್ತು ಜೇಡದ ಕಡಿತಕ್ಕೆ ಬದಲಾಗಿ ಯೋಗಿಯೊಬ್ಬನಿಂದ ಶಕ್ತಿಯನ್ನು ಪಡೆದನು. ಜೀವನ್ ಕಾಂಗ್ ಅವರ ಚಿತ್ರಗಳು ಸೊಗಸಾಗಿಯೇ ಇವೆ. ಆದರೆ ಯೋಗಿಯನ್ನು ಕರೆತಂದು ಶಕ್ತಿಯನ್ನು ಹಂಚಿಸಿ, ಯೋಗಿಗಳು ಶಕ್ತಿಯ ಬಗೆಗೆ ಹೇಳಿದ್ದನ್ನು ಮಾತ್ರ ಹೊರಗೆ ಬಿಟ್ಟದ್ದು ಭಾರತೀಯತೆಯನ್ನು ಉಡುಪಿನಲ್ಲಿ ಹುಡುಕಿದಂತಾಯಿತು.

ಇನ್ನು ತೀರ್ಪಿನ ಪ್ರಶ್ನೆಗೆ ಮರಳಲು ಪಾವಗಡಕ್ಕೆ ಹೋಗೋಣ. ಸೂರ್ಯಪುತ್ರನಾದ ಶನಿಯ ಗುಡಿಯಿಂದ ಹೆಸರಾದ ಆ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತಿನ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟಿನ ಸೌರಸ್ಥಾವರವು ಎದ್ದು, ಸೂರ್ಯನನ್ನೇ ಬೆಳೆಯಂತೆ ಕೊಯ್ಯುತ್ತಿರುವುದು ವಿಧಿಯ ವಿನೋದವೆನ್ನಬೇಕು. ಶನೈಶ್ಚರನ ದರ್ಶನಕ್ಕೆ ಬರುವ ಜನಕ್ಕೆ, ಮನೆಯಲ್ಲಿ ಶನಿಮಹಾತ್ಮೆಯನ್ನು ಪಾರಾಯಣ ಮಾಡಿಸುವ ಜನಕ್ಕೆ, ಹರಕೆ ಹೊತ್ತು ರಾತ್ರಿಯಿಡೀ ‘ಶನಿಪ್ರಭಾವ’ ನಾಟಕವನ್ನು ಆಡಿಸುವ ಹಳ್ಳಿಗಳಿಗೆ ಶನಿಯ ಕಥೆಯು ಬಾಯಿಪಾಠ. ನಮ್ಮ ಕಡೆಯ ಊರುಗಳಲ್ಲಿ ಈ ಪೌರಾಣಿಕ ನಾಟಕಗಳ ವೈಖರಿಯನ್ನು ನೋಡಿಯೇ ತಿಳಿಯಬೇಕು. ಪಾತ್ರ ಹಾಕುವವನು ತನ್ನ ಕೈಯಿಂದಲೇ ಹಣ ಕೊಟ್ಟು ಪಾತ್ರವನ್ನು ಪಡೆಯುವನು. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕಂದ, ವೃತ್ತಗಳನ್ನು ಅವನ ಗಂಟಲಿಗೆ ಕೂರಿಸುವರು. ಸೀನರಿಯವರು ಲಾರಿಯಲ್ಲಿ ಪರದೆಗಳನ್ನು ತರುವರು. ಹಗಲೆಲ್ಲ ಕಡಲೆಕಾಯಿ ಕಿತ್ತ ಕೈಗಳು ರಾತ್ರಿ ಕಿರೀಟವನ್ನು ಸರಿಪಡಿಸಿಕೊಳ್ಳುವುವು. ಶನಿಯ ಪಾತ್ರಧಾರಿಯು ಕಪ್ಪುಡುಗೆಯಲ್ಲಿ ರಂಗಕ್ಕೆ ನುಗ್ಗಿದಾಗ, ಮುಂದೆ ಕುಳಿತ ಮುದುಕಿಯರು ಅವನು ಪಕ್ಕದ ಬೀದಿಯ ಹುಡುಗನೆಂದು ತಿಳಿದಿದ್ದೂ ಕೈಮುಗಿಯುವರು.

ಆ ಕಥೆಯ ಆರಂಭವೇ ಒಂದು ವಿಮರ್ಶಾಗೋಷ್ಠಿ. ವಿಕ್ರಮನ ಆಸ್ಥಾನದಲ್ಲಿ ನವಗ್ರಹಗಳಲ್ಲಿ ಯಾರು ದೊಡ್ಡವರೆಂಬ ಚರ್ಚೆ ಹುಟ್ಟಿ, ಒಬ್ಬೊಬ್ಬ ಪಂಡಿತನು ಒಂದೊಂದು ಗ್ರಹದ ಹಿರಿಮೆಯನ್ನು ಹೇಳುವನು. ಶನಿಯ ಸರದಿ ಬಂದಾಗ, ಅವನು ಹುಟ್ಟಿದೊಡನೆ ಅವನ ದೃಷ್ಟಿ ತಂದೆಯ ಮೇಲೆ ಬಿದ್ದು ಸೂರ್ಯನಿಗೆ ರೋಗ ತಗುಲಿತು, ಸಾರಥಿ ಹೆಳವನಾದನು, ಕುದುರೆಗಳು ಕುರುಡಾದವು ಎಂಬುದನ್ನು ಕೇಳಿ ವಿಕ್ರಮನು ನಕ್ಕು ಹಗುರವಾದ ಮಾತೊಂದನ್ನು ಆಡುವನು. ಮೇಲೆ ಹೋಗುತ್ತಿದ್ದ ಶನಿಯ ಕಿವಿಗೆ ಅದು ಬೀಳುವುದು. ಅಲ್ಲಿಂದ ಮುಂದೆ ಏಳೂವರೆ ವರ್ಷ. ರಾಜ್ಯ ಹೋಯಿತು, ಪರದೇಶದ ಶೆಟ್ಟಿಯ ಮನೆಯಲ್ಲಿ, ಗೋಡೆಯ ಮೇಲೆ ಬರೆದಿದ್ದ ಹಂಸದ ಚಿತ್ರವು ಕೊರಳು ಚಾಚಿ ಗೂಟದ ಮೇಲಿದ್ದ ಹಾರವನ್ನು ನುಂಗಿತು, ಕಳ್ಳತನದ ಅಪವಾದ ರಾಜನ ಮೇಲೆ ಬಂತು, ಕೈಕಾಲು ಕಡಿಸಿದರು, ಕೊನೆಗೆ ಗಾಣಿಗನೊಬ್ಬನು ಅವನನ್ನು ಎತ್ತಿಕೊಂಡು ಹೋಗಿ ಗಾಣದ ಮೇಲೆ ಕೂರಿಸಿದನು. ಅಲ್ಲಿ ಕುಳಿತು ಅವನು ಹಾಡಿದಾಗ ಊರ ದೀಪಗಳು ತಾವಾಗಿಯೇ ಹೊತ್ತಿಕೊಂಡವಂತೆ. ಚಿತ್ರವೇ ಕೃತ್ಯವೆಸಗಿ ಮನುಷ್ಯನನ್ನು ಅಪರಾಧಿಯನ್ನಾಗಿಸುವ ಆ ಹಂಸದ ಪ್ರಸಂಗವು, ಚಿತ್ರಕಥೆಗಳ ವಿಚಾರ ಮಾಡುವವನಿಗೆ ಮೈ ಜುಮ್ಮೆನಿಸದೆ ಇರದು.

ಆದರೆ ವಿಕ್ರಮನು ಮಾಡಿದ ಅಪರಾಧವೇನು? ತೀರ್ಪು ಕೊಟ್ಟದ್ದೆ? ಹಾಗಿದ್ದರೆ ಬೇತಾಳನ ಕಥೆಗಳನ್ನು ಏನು ಮಾಡೋಣ? ಅದೇ ವಿಕ್ರಮನು ಹೆಗಲ ಮೇಲೆ ಹೆಣವನ್ನು ಹೊತ್ತು ನಡೆಯುವಾಗ, ಬೇತಾಳನು ಒಂದು ಕಥೆಯನ್ನು ಹೇಳಿ, ಇವರಲ್ಲಿ ಯಾರು ಹೆಚ್ಚಿನವರು, ಉತ್ತರ ತಿಳಿದೂ ಸುಮ್ಮನಿದ್ದರೆ ನಿನ್ನ ತಲೆ ಸಿಡಿದು ಹೋಗುವುದೆಂದು ಬೆದರಿಸುವನು. ರಾಜನು ಬಾಯಿ ಬಿಡುವನು; ಬಿಟ್ಟೊಡನೆ ಹೆಣ ಹಾರಿಹೋಗಿ ಮರಕ್ಕೆ ಜೋತುಬೀಳುವುದು; ಮತ್ತೆ ಹೊಸ ಕಥೆ. ತಿಂಗಳ ಸಂಚಿಕೆಗಳ ಮರ್ಮವೆಲ್ಲ ಇಲ್ಲಿಯೇ ಇದೆ, ‘ಚಂದಮಾಮ’ವು ಈ ಜೋಡಿಯನ್ನು ಅಷ್ಟು ವರ್ಷ ತಿಂಗಳು ತಿಂಗಳೂ ನಡೆಸಿದ್ದು ಸುಮ್ಮನೆ ಅಲ್ಲ. ಒಂದೆಡೆ ಮಾತಾಡಿದ್ದಕ್ಕೆ ಶಿಕ್ಷೆ, ಇನ್ನೊಂದೆಡೆ ಮಾತಾಡದಿದ್ದರೆ ಮರಣ. ಈ ಎರಡು ವಿಕ್ರಮರನ್ನು ಹೊಂದಿಸಿಕೊಳ್ಳುವುದರಲ್ಲಿಯೇ ನಮ್ಮ ಪ್ರಶ್ನೆಗೆ ಸಮಾಧಾನವಿದೆಯೆಂದು ನನ್ನ ನಂಬಿಕೆ. ಬೇತಾಳನ ಮುಂದೆ ರಾಜನು ತೂಗುವುದು ಮಾಡಿ ಮುಗಿಸಿದ ಒಂದು ಕೃತ್ಯವನ್ನು. ಶನಿಯ ವಿಚಾರದಲ್ಲಿ ಅವನು ನಕ್ಕದ್ದು ಒಂದು ಸ್ವರೂಪವನ್ನು ಕುರಿತು, ಹುಟ್ಟನ್ನು ಕುರಿತು, ರಾಜನ ಮೇಲೆ ಇನ್ನೂ ತನ್ನ ಪ್ರಭಾವವನ್ನು ತೋರಿಸದಿದ್ದವನನ್ನು ಕುರಿತು. ಕೃತಿಗೆ ತೀರ್ಪು ಕೊಡುವುದು ಕರ್ತವ್ಯ, ಕರ್ತೃವಿಗೆ ಕೊಡುವುದು ಅವಿವೇಕ. ವೀರಗಲ್ಲು ಮನುಷ್ಯನ ಬಾಳನ್ನೆಲ್ಲ ಬಿಟ್ಟು ಒಂದು ಸಂಜೆಯ ಕಾಳಗವನ್ನಷ್ಟೇ ಕೆತ್ತಿಸಿಕೊಂಡದ್ದಕ್ಕೂ ಇದೇ ನ್ಯಾಯವೆಂದು ಈಗ ಕಾಣುತ್ತದೆ.

ಕೃತ್ಯವನ್ನು ತೂಗುವ ಅಳತೆಗೋಲು ಯಾವುದೆಂದರೆ, ಅದನ್ನೂ ಬೇತಾಳನ ಕಥೆಯೇ ಕೊಡುವುದು. ವೀರವರನೆಂಬ ಸೇವಕನು ರಾಜನ ಪ್ರಾಣಕ್ಕಾಗಿ ಮಗನನ್ನೂ ತನ್ನನ್ನೂ ಬಲಿಗೊಡುವನು. ಅದನ್ನು ಮರೆಯಿಂದ ಕಂಡ ರಾಜನು ತನ್ನ ಶಿರಸ್ಸನ್ನೂ ಕೊಡಲು ಕತ್ತಿ ಎತ್ತುವನು. ಯಾರು ಹಿರಿಯರು? ರಾಜನೆಂದು ವಿಕ್ರಮನ ಉತ್ತರ. ಒಡೆಯನಿಗಾಗಿ ಸಾಯುವುದು ಸೇವಕನಿಗೆ ವಿಧಿಸಿದ್ದು, ಸೇವಕನಿಗಾಗಿ ಸಾಯಬೇಕೆಂದು ಒಡೆಯನಿಗೆ ಯಾವ ವಿಧಿಯೂ ಇಲ್ಲ. ಅಂದಿನ ಆ ಸ್ವಾಮಿಭೃತ್ಯಧರ್ಮವನ್ನು ಇಂದು ನಾವು ಒಪ್ಪದಿದ್ದರೂ ಅಳತೆಗೋಲು ಗಟ್ಟಿಯಾದದ್ದೇ. ಅಲಂಕಾರಶಾಸ್ತ್ರವು ವೀರರಸಕ್ಕೆ ಉತ್ಸಾಹವನ್ನು ಸ್ಥಾಯಿಭಾವವೆಂದಿತು, ಕೇವಲ ಬಲವನ್ನಲ್ಲ. ದಾನದಲ್ಲಿಯೂ ಧರ್ಮದಲ್ಲಿಯೂ ದಯೆಯಲ್ಲಿಯೂ ವೀರವನ್ನು ಕಂಡಿತು. ನಮ್ಮ ಜಿಲ್ಲೆಯ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಈ ಚರ್ಚೆಯನ್ನು ತಿಳಿಗನ್ನಡದಲ್ಲಿ ಓದಬಹುದು.

ಈ ಅಳತೆಗೋಲನ್ನು ಹಿಡಿದು ಇತ್ತೀಚಿನ ಎರಡು ಮಾಲೆಗಳಿಗೆ ಬರುವೆನು. ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಗೋಟಾ ಚಿತ್ರಿಸಿ 2024ರ ಅಕ್ಟೋಬರಿನಲ್ಲಿ ಆರಂಭವಾದ ‘ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್’ ಹಳೆಯ ನಾಯಕನಿಂದ ಐಶ್ವರ್ಯವನ್ನು ಕಿತ್ತುಕೊಂಡಿದೆ. ಬ್ರೂಸ್ ವೇಯ್ನನಿಗೆ ಇಲ್ಲಿ ಅರಮನೆಯಿಲ್ಲ. ತಂದೆ ಶಾಲೆಯ ಉಪಾಧ್ಯಾಯ, ಅವನು ಕೊಲೆಯಾಗಿರುವನು, ತಾಯಿ ಬದುಕಿರುವಳು. ಮುಂದೆ ಅವನ ಶತ್ರುಗಳೆಂದು ನಾವು ಬಲ್ಲವರಲ್ಲಿ ಹಲವರು ಇಲ್ಲಿ ಇಸ್ಪೀಟಾಡುವ ಬಾಲ್ಯದ ಗೆಳೆಯರು. ಕಲ್ಪನೆ ಬಲು ಚೆನ್ನಾದದ್ದು. ಸಂಪತ್ತಿಲ್ಲದವನು ಅನ್ಯಾಯದ ಎದುರು ನಿಲ್ಲುವುದಕ್ಕೆ ತೆರಬೇಕಾದ ಬೆಲೆ ಹೆಚ್ಚಿನದಾಗಬೇಕು, ಅದೇ ಕಥೆಯ ಕಸುವಾಗಬೇಕು. ಆದರೆ ಚಿತ್ರಕಾರನು ಹಣಕ್ಕೆ ಬದಲಾಗಿ ಅವನಿಗೆ ಬೆಟ್ಟದಂಥ ಮೈಯನ್ನು ಕೊಟ್ಟಿದ್ದಾನೆ. ಎದೆಯ ಮೇಲಿನ ಬಾವಲಿಯ ಲಾಂಛನವು ಕಳಚಿಕೊಂಡು ಕೊಡಲಿಯಾಗುವುದು. ಪುಟದ ಅರ್ಧವನ್ನು ತುಂಬಿ ನಿಂತ ಆ ಭುಜಗಳನ್ನು ನೋಡಿದರೆ, ಮುಂಬಾಗಿಲಿನಿಂದ ಹೊರಹಾಕಿದ ಐಶ್ವರ್ಯವು ಹಿತ್ತಿಲ ಬಾಗಿಲಿನಿಂದ ಮಾಂಸಖಂಡವಾಗಿ ಒಳಗೆ ಬಂದಂತೆ ತೋರುತ್ತದೆ. ಗೋರಕ್ಷನ ಮೈಯ ಖಣಿಲೆಂಬ ಸದ್ದು ಇಲ್ಲಿಯೂ ಕೇಳುತ್ತದೆ. ಚಿತ್ರಗಳ ಓಟ, ಸಣ್ಣ ಸಣ್ಣ ಚೌಕಗಳನ್ನು ಒತ್ತೊತ್ತಾಗಿ ಜೋಡಿಸಿ ಹಠಾತ್ತನೆ ಇಡೀ ಪುಟವನ್ನು ತೆರೆದಿಡುವ ಚಾತುರ್ಯ ಮೆಚ್ಚತಕ್ಕವು. ಕೃತ್ಯಗಳು ಮಾತ್ರ ಬೆಲೆ ತೆರದೆ ಗೆಲ್ಲುತ್ತವೆ.

ಜಾನಥನ್ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ 2024ರ ಜನವರಿಯಲ್ಲಿ ಆರಂಭಿಸಿದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಬೇರೆಯ ದಾರಿಯನ್ನು ಹಿಡಿದಿದೆ. 1962ರ ಮೂಲಕಥೆಯಲ್ಲಿ ಹದಿಹರೆಯದ ಹುಡುಗನನ್ನು ಜೇಡವು ಆಕಸ್ಮಿಕವಾಗಿ ಕಡಿಯಿತು. ಅವನ ಉದಾಸೀನದಿಂದ ತಪ್ಪಿಸಿಕೊಂಡ ಕ್ಷುದ್ರ ಕಳ್ಳನು ಅವನನ್ನು ಸಾಕಿದ ಚಿಕ್ಕಪ್ಪನನ್ನೇ ಕೊಂದನು. ಆ ಪಶ್ಚಾತ್ತಾಪದಿಂದ ವೀರನು ಹುಟ್ಟಿದನು. ಹೊಸ ಮಾಲೆಯಲ್ಲಿ ಜೇಡವು ಅವನನ್ನು ಕಡಿಯಬೇಕಾದ ವಯಸ್ಸಿನಲ್ಲಿ ಕಡಿಯಲೇ ಇಲ್ಲ. ಚಿಕ್ಕಪ್ಪ ಬದುಕಿರುವನು, ಚಿಕ್ಕಮ್ಮ ತೀರಿಕೊಂಡಿರುವಳು. ಪೀಟರ್ ಗೃಹಸ್ಥ, ಹೆಂಡತಿ, ಇಬ್ಬರು ಮಕ್ಕಳು, ಪತ್ರಿಕೆಯ ಕೆಲಸ. ತನಗೆ ಸೇರಬೇಕಾಗಿದ್ದ ಬಾಳು ಇನ್ನೊಂದಿತ್ತೆಂಬುದು ಅವನಿಗೆ ತಿಳಿಯುತ್ತದೆ, ಆ ಜೇಡವು ಅವನ ಕೈಗೆ ಬರುತ್ತದೆ, ಬೇಕೋ ಬೇಡವೋ ಎಂದು ಆಯ್ದುಕೊಳ್ಳುವ ಹೊಣೆ ಅವನದೇ ಆಗುತ್ತದೆ. ಅವನು ತೆರೆದ ಕಣ್ಣಿನಿಂದ ಅದನ್ನು ಒಪ್ಪಿಕೊಳ್ಳುವನು. ಯಾವ ಪಾಪದ ಪರಿಹಾರಕ್ಕಾಗಿಯೂ ಅಲ್ಲ, ಯಾವ ವಿಧಿ ಹೇಳಿದ್ದರಿಂದಲೂ ಅಲ್ಲ. ಕಳೆದುಕೊಳ್ಳಲು ಎಲ್ಲವೂ ಇರುವವನು ಕಳೆದುಕೊಳ್ಳುವ ಸಾಧ್ಯತೆಗೆ ಕೈಯೊಡ್ಡುವನು. ಈ ಮಾಲೆಯಲ್ಲಿ ತಿಂಗಳಿಗೊಮ್ಮೆ ಬಂದ ಸಂಚಿಕೆಗಳ ನಡುವೆ ಕಥೆಯೊಳಗೂ ಒಂದು ತಿಂಗಳು ಸರಿದಿರುತ್ತದೆಯೆಂಬುದು ಸಣ್ಣ ಮಾತಲ್ಲ. ಸಾವಿಲ್ಲದ ಈ ಲೋಕದಲ್ಲಿ ಅಷ್ಟರಮಟ್ಟಿಗಾದರೂ ಕಾಲವು ಕಾಲಿಟ್ಟಿದೆ.

ಇದರ ನಾಲ್ಕನೆಯ ಸಂಚಿಕೆಯು ಹಲವರನ್ನು ಕೆರಳಿಸುವಂಥದು. ಎರಡು ದಂಪತಿಗಳು ಭೋಜನಗೃಹದಲ್ಲಿ ಮೇಜಿನ ಸುತ್ತ ಕುಳಿತು ಮಾತಾಡುವರು, ಬಹುಪಾಲು ಅಷ್ಟೇ. ತಟ್ಟೆಗಳು ಬರುತ್ತವೆ, ಹೋಗುತ್ತವೆ. ಹೆಂಡತಿಯು ಗಂಡನ ಮುಖವನ್ನು ನೋಡುವಳು, ಗೆಳೆಯನು ಇನ್ನೊಬ್ಬ ಗೆಳೆಯನ ಗುಟ್ಟನ್ನು ಊಹಿಸುವನು. ಬಡಿದಾಟವನ್ನು ಅಪೇಕ್ಷಿಸಿದವರಿಗೆ ನಿರಾಶೆಯಾಗುವುದು ಸಹಜ. ನನಗೆ ಮಾತ್ರ ಇಡೀ ಮಾಲೆಯಲ್ಲಿ ಇದಕ್ಕಿಂತ ವೀರವಾದ ಭಾಗ ಕಾಣಲಿಲ್ಲ. ಗುಟ್ಟನ್ನು ಹೊತ್ತ ಮನುಷ್ಯನು ತಾನು ಯಾರನ್ನು ಅಪಾಯಕ್ಕೆ ಒಡ್ಡಿದ್ದಾನೋ ಅವರ ಎದುರಿನಲ್ಲಿ ಕುಳಿತು ಅನ್ನ ತಿನ್ನುವುದು, ಗೋಡೆಯಿಂದ ಗೋಡೆಗೆ ಹಾರುವುದಕ್ಕಿಂತ ಕಷ್ಟದ ಕೆಲಸ. ಚಿತ್ರಕಾರನು ಅದನ್ನು ಮುಖಗಳಲ್ಲಿ ಬರೆದು ತೋರಿಸಿದ್ದಾನೆ. ದೋಷಗಳಿಲ್ಲದೆ ಇಲ್ಲ. ಖಳನ ಸಂಚು ಎಷ್ಟೋ ಸಂಚಿಕೆಗಳವರೆಗೆ ಅಸ್ಪಷ್ಟವಾಗಿ ಎಳೆದಾಡುತ್ತದೆ, ಪತ್ರಿಕಾಲಯದ ಮಾತುಕತೆಗಳು ಕೆಲವೆಡೆ ಕಥೆಗಾರನ ಸ್ವಂತ ಜಾಣ್ಮೆಯ ಪ್ರದರ್ಶನವಾಗುತ್ತವೆ.

ಎರಡರಲ್ಲಿ ಯಾವುದು ಮೇಲೆಂದು ಕೇಳುವವರಿಗೆ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಎಂದು ಹೇಳಲು ನನಗೆ ಸಂಕೋಚವಿಲ್ಲ. ಮುಂದೆ ಎಂದಾದರೂ ಆ ಗೃಹಸ್ಥನ ಮಗನನ್ನೋ ಹೆಂಡತಿಯನ್ನೋ ಮಾರಾಟಕ್ಕಾಗಿ ಕೊಂದು, ಮರುವರ್ಷ ಎಬ್ಬಿಸಿ ತಂದರೆ, ಆ ಸಂಚಿಕೆಗೆ ಕೊಡುವ ತೀರ್ಪು ಬೇರೆಯೇ ಆಗುವುದು; ನಾಲ್ಕನೆಯ ಸಂಚಿಕೆಗೆ ಕೊಟ್ಟ ಈ ತೀರ್ಪನ್ನು ಅದು ಬದಲಿಸಲಾರದು.